‘ಟಿಯಾಗೊನೇ ಸಾಕಾ, ಪಂಚಿಗೇ ಹೋಗ್ಬಿಡ್ಲಾ?’

ಭಾನುವಾರ ಬೆಳಿಗ್ಗೆ ಮನೆ ಮುಂದೆ ಕಾರು ಒರೆಸುತ್ತಾ ನಿಂತರೆ, ವಾಕಿಂಗ್ ಹೊರಟವರಲ್ಲಿ ಒಬ್ಬರಾದರೂ ಗೇಟಿನ ಹತ್ತಿರ ನಿಲ್ಲುತ್ತಾರೆ. ‘ಎಷ್ಟು ಕೊಡತ್ತೆ ಸಾರ್?’ ಎಂದು ಶುರು. ಪೆಟ್ರೋಲ್ ಕಾರಿಗೂ ಇದೇ ಪ್ರಶ್ನೆ ಕೇಳುತ್ತಿದ್ದರು, ಕರೆಂಟಿನ ಕಾರಿಗೂ ಇದೇ. ಅದಕ್ಕೆ ಉತ್ತರ ಕೊಟ್ಟ ಮೇಲೆ ನಿಜವಾದ ಪ್ರಶ್ನೆ ಹೊರಬರುತ್ತದೆ: ‘ನಾನೂ ಒಂದು ತಗೋಬೇಕು ಅಂತಿದೀನಿ. ಟಿಯಾಗೊನೇ ಸಾಕಾ, ಇಲ್ಲ ಪಂಚಿಗೇ ಹೋಗ್ಬಿಡ್ಲಾ?’

ಮೈಸೂರಿನ ನಮ್ಮ ಮನೆಯಲ್ಲಿರುವುದು ಟಾಟಾ ಕಂಪನಿಯ ಕರೆಂಟಿನ ಕಾರು ಟಿಯಾಗೊ ಇವಿ, 2023ರಲ್ಲಿ ಕೊಂಡದ್ದು, 24 ಯೂನಿಟ್ ಬ್ಯಾಟರಿಯದು. ಹಾಸನದಲ್ಲಿರುವ ಭಾವನ ಬಳಿ ಅದೇ ಕಂಪನಿಯ ಪಂಚ್ ಇವಿ, 35 ಯೂನಿಟ್ಟಿನದು. ಬ್ರೋಷರಿನಲ್ಲಿ ಕಿಲೋವ್ಯಾಟ್ ಅವರ್ ಎಂದು ಬರೆದಿರುತ್ತಾರಲ್ಲ, ಅದು ಬೇರೇನೂ ಅಲ್ಲ, ಕರೆಂಟು ಬಿಲ್ಲಿನ ಯೂನಿಟ್ಟೇ. ಹಬ್ಬಕ್ಕೆ ಎರಡೂ ಕಾರು ಒಂದೇ ಅಂಗಳದಲ್ಲಿ ನಿಲ್ಲುತ್ತವೆ, ಕೀಲಿಕೈ ಅದಲುಬದಲಾಗುತ್ತವೆ. ಹಾಗಾಗಿ ಎರಡನ್ನೂ ಸಾಕಷ್ಟು ಓಡಿಸಿದ್ದೇನೆ.

ಗೇಟಿನ ಹತ್ತಿರ ನಿಂತವರಿಗೆ ನಾನು ತಿರುಗಿ ಕೇಳುವುದು ಒಂದೇ: ಮನೆಯಲ್ಲಿ ಇನ್ನೊಂದು ಕಾರು ಇದೆಯಾ? ಇದ್ದರೆ ಟಿಯಾಗೊ. ಇದೊಂದೇ ಕಾರು ಎಂದಾದರೆ, ದೊಡ್ಡ ಬ್ಯಾಟರಿಯ ಪಂಚ್. ಇಷ್ಟಕ್ಕೆ ಯಾರಿಗೂ ಸಮಾಧಾನ ಆಗುವುದಿಲ್ಲ. ಯಾಕೆ ಎನ್ನುತ್ತಾರೆ, ಕಾಫಿಗೆ ಒಳಗೆ ಕರೆಯಬೇಕಾಗುತ್ತದೆ. ಆ ಕಾಫಿಯ ಮಾತನ್ನೇ ಇಲ್ಲಿ ಬರೆದಿದ್ದೇನೆ.

ಟಿಯಾಗೊ ಇವಿ 2022ರ ಸೆಪ್ಟೆಂಬರಿನಲ್ಲಿ ಬಂದಾಗ ಆರಂಭಿಕ ಬೆಲೆ 8.49 ಲಕ್ಷ. ಪಂಚ್ ಇವಿ 2024ರ ಜನವರಿಯಲ್ಲಿ ಬಂತು, 10.99 ಲಕ್ಷಕ್ಕೆ. ಆಮೇಲೆ ಬೆಲೆ ಇಳಿದಿವೆ, ಮಾದರಿಗಳೂ ಬದಲಾಗುತ್ತಿರುತ್ತವೆ. ಇವತ್ತಿನ ಅಂಕಿ ಶೋರೂಮಿನಲ್ಲೇ ಕೇಳಿಕೊಳ್ಳಿ. ಒಳ್ಳೆಯ ಟಿಯಾಗೊಗೂ ಒಳ್ಳೆಯ ಪಂಚಿಗೂ ಎರಡೂವರೆ ಲಕ್ಷದ ಸುಮಾರು ಅಂತರ ಇರುತ್ತದೆ ಎಂದು ಇಟ್ಟುಕೊಳ್ಳೋಣ.

ಒಂದು ತಮಾಷೆ ಹೇಳುತ್ತೇನೆ. 24 ಯೂನಿಟ್ಟಿನ ಟಿಯಾಗೊ ಬಿಡುಗಡೆಯಾದಾಗ ಕಂಪನಿ ಹೇಳಿದ್ದು, ಒಮ್ಮೆ ತುಂಬಿಸಿದರೆ 315 ಕಿ.ಮೀ. 25 ಯೂನಿಟ್ಟಿನ ಸಣ್ಣ ಪಂಚ್ ಬಂದಾಗಲೂ ಹೇಳಿದ್ದು 315 ಕಿ.ಮೀ. ದೊಡ್ಡ ಪಂಚಿಗೆ 421. ಪರೀಕ್ಷೆಯ ವಿಧಾನ ಬದಲಾದ ಮೇಲೆ ಈ ಅಂಕಿಗಳು ಇಳಿದವು. ಕೊನೆಗೆ ಕಂಪನಿಯೇ ‘ನಿಜವಾಗಿ ಸಿಗುವುದು’ ಎಂದು ಬೇರೆ ಅಂಕಿ ಕೊಟ್ಟಿತು: ಸಣ್ಣ ಪಂಚಿಗೆ 190ರಿಂದ 210, ದೊಡ್ಡದಕ್ಕೆ 270ರಿಂದ 290. ನನ್ನ ಟಿಯಾಗೊ ಊರೊಳಗೆ 190 ಕೊಡುತ್ತದೆ, ಹೆದ್ದಾರಿಯಲ್ಲಿ ಕಾಲು ಒತ್ತಿದರೆ 160. ಭಾವನ ಪಂಚ್ ಹೆದ್ದಾರಿಯಲ್ಲಿ 230ರ ಆಸುಪಾಸು.

ಆದರೆ ಜನ ಕಿಲೋಮೀಟರಿನ ಲೆಕ್ಕಕ್ಕೆ ಕೊಡುವ ಗಮನದಲ್ಲಿ ಕಾಲುಭಾಗವನ್ನೂ ಮನೆಯ ಪ್ಲಗ್ಗಿಗೆ ಕೊಡುವುದಿಲ್ಲ. ಈ ಕಾರುಗಳು ಗೀಸರು, ಏಸಿ ಹಾಕುವ 15 ಆಂಪಿಯರ್ ಪ್ಲಗ್ಗಿನಲ್ಲೇ ಚಾರ್ಜ್ ಆಗುತ್ತವೆ, ಅದು ನಿಜ. ಆದರೆ ಅರ್ಥಿಂಗ್ ಸರಿಯಿರಬೇಕು. ನಮ್ಮದು ಮೂವತ್ತು ವರ್ಷದ ಹಳೇ ಮನೆ. ಕಾರು ಬಂದ ದಿನ ಪೂಜೆ ಮಾಡಿ, ನಿಂಬೆಹಣ್ಣು ಚಕ್ರದಡಿ ಇಟ್ಟು, ಸಂಜೆ ಪ್ಲಗ್ ಚುಚ್ಚಿದರೆ ಚಾರ್ಜರಿನಲ್ಲಿ ಕೆಂಪು ದೀಪ. ಕಾರೇ ಕೆಟ್ಟಿದೆ ಎಂದು ಶೋರೂಮಿಗೆ ಫೋನು ಮಾಡಿ ರೇಗಾಡಿದೆ. ಮರುದಿನ ಬಂದ ಎಲೆಕ್ಟ್ರಿಷಿಯನ್, ತೆಂಗಿನ ಮರದ ಬುಡದಲ್ಲಿದ್ದ ಅರ್ಥಿಂಗ್ ಗುಂಡಿ ತೋರಿಸಿ, ‘ಇದಕ್ಕೆ ನೀರು ಹಾಕಿ ಎಷ್ಟು ವರ್ಷ ಆಯ್ತು ಸಾರ್?’ ಎಂದ. ಗುಂಡಿ ತೋಡಿಸಿ, ಇದ್ದಿಲು, ಉಪ್ಪು ಹಾಕಿಸಿ, ಹೊಸ ಪೈಪು ಇಳಿಸಿ, ಮೀಟರಿನಿಂದ ಪ್ಲಗ್ಗಿನವರೆಗೆ ದಪ್ಪ ವೈರು ಎಳೆಸಿದ ಮೇಲೆ ಹಸಿರು ದೀಪ ಬಂತು. ಬೇಸಿಗೆಯಲ್ಲಿ ಈಗಲೂ ವಾರಕ್ಕೊಂದು ಬಿಂದಿಗೆ ನೀರು ಆ ಗುಂಡಿಗೆ. ಪಕ್ಕದ ಮನೆಯವರು ನಾನು ಕಾರಿಗೆ ನೀರುಣಿಸುತ್ತೇನೆ ಎಂದು ನಗುತ್ತಾರೆ.

ಈ ಪ್ಲಗ್ಗಿನಲ್ಲಿ ಗಂಟೆಗೆ ಹೆಚ್ಚೆಂದರೆ ಮೂರು ಯೂನಿಟ್ ಬ್ಯಾಟರಿಗೆ ಸೇರುತ್ತದೆ. ರಾತ್ರಿ 9ಕ್ಕೆ ಹಾಕಿದರೆ ಬೆಳಿಗ್ಗೆ 6ರೊಳಗೆ ಟಿಯಾಗೊ ತುಂಬಿ ನಿಂತಿರುತ್ತದೆ. 35 ಯೂನಿಟ್ಟಿನ ಪಂಚ್ ತಳದಿಂದ ತುಂಬಬೇಕಾದರೆ ಹದಿಮೂರು ಗಂಟೆಗೂ ಮೇಲೆ. ದಿನವೂ 50 ಕಿ.ಮೀ. ಓಡಿಸುವವರಿಗೆ ಇದು ತೊಂದರೆಯೇ ಅಲ್ಲ. ರಾತ್ರಿ ಊರಿಂದ ಬಂದು ಬೆಳಿಗ್ಗೆ ಮತ್ತೆ ಊರಿಗೆ ಹೊರಡುವವರಿಗೆ ಮಾತ್ರ ತೊಂದರೆ. ಅಂಥವರು 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಹಾಕಿಸಿಕೊಂಡರೆ ಐದೇ ಗಂಟೆ. ಅದಕ್ಕೆ ಮನೆಗೆ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕು, ಲೋಡ್ ಹೆಚ್ಚಿದರೆ ತಿಂಗಳ ನಿಗದಿತ ಶುಲ್ಕವೂ ಹೆಚ್ಚುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರು ಬುಕಿಂಗ್ ಹಣ ಕಟ್ಟುವ ಮೊದಲೇ ಅಸೋಸಿಯೇಷನ್ನಿನವರ ಬಾಯಲ್ಲಿ ‘ಹೂಂ’ ಅನ್ನಿಸಿಕೊಳ್ಳಿ. ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಇನ್ನೊಂದು ವಿಷಯ, ಶೋರೂಮಿನವರು ಹೇಳದೇ ಇರುವುದು: ಗೃಹಜ್ಯೋತಿ. ನಮ್ಮ ಮನೆ ತಿಂಗಳಿಗೆ 90 ಯೂನಿಟ್ ಬಳಸುತ್ತಿತ್ತು, ಬಿಲ್ಲು ಸೊನ್ನೆ. ಕಾರು ತಿಂಗಳಿಗೆ 900 ಕಿ.ಮೀ. ಓಡುತ್ತದೆ. ಚಾರ್ಜಿಂಗಿನಲ್ಲಿ ಸೋರಿಹೋಗುವುದೂ ಸೇರಿ ಮೀಟರಿನಲ್ಲಿ 145 ಯೂನಿಟ್. ಒಟ್ಟು 235. 200 ದಾಟಿದರೆ ದಾಟಿದ 35ಕ್ಕೆ ಮಾತ್ರವಲ್ಲ, ಇಡೀ ಬಿಲ್ಲು ನಮ್ಮ ತಲೆಗೆ. ಯೂನಿಟ್ಟಿಗೆ 6 ರೂಪಾಯಿ ಲೆಕ್ಕ, ಮೇಲೆ ನಿಗದಿತ ಶುಲ್ಕ, ತೆರಿಗೆ, ಎಲ್ಲ ಸೇರಿ 2,000 ರೂಪಾಯಿಯ ಹತ್ತಿರ. ‘ಕಿಲೋಮೀಟರಿಗೆ ಒಂದೇ ರೂಪಾಯಿ’ ಎಂಬ ಜಾಹೀರಾತಿನ ಮಾತು ನಮ್ಮ ಮನೆಯಲ್ಲಿ ಎರಡು ರೂಪಾಯಿ ಮೀರಿತು. ಅಷ್ಟಾದರೂ ಪೆಟ್ರೋಲ್ ಕಾರಿನಲ್ಲಿ ಅದೇ 900 ಕಿ.ಮೀ.ಗೆ 60 ಲೀಟರ್ ಬೇಕಿತ್ತು, ಆರು ಸಾವಿರ. ಅಂದರೆ ನಷ್ಟವೇನಿಲ್ಲ, ಲಾಭ ಅಂದುಕೊಂಡಿದ್ದಕ್ಕಿಂತ ಕಡಿಮೆ ಅಷ್ಟೇ. ಟಿಯಾಗೊ ತಗೊಂಡರೂ ಪಂಚ್ ತಗೊಂಡರೂ ಇದು ತಪ್ಪುವುದಿಲ್ಲ, ಆದ್ದರಿಂದ ನಿಮ್ಮ ಪ್ರಶ್ನೆಗೆ ಇದು ಉತ್ತರವಲ್ಲ. ತಿಳಿದಿರಲಿ ಎಂದು ಹೇಳಿದೆ.

ಎರಡು ಕಾರಿನ ನಿಜವಾದ ವ್ಯತ್ಯಾಸ ಕಾಣುವುದು ಊರು ದಾಟಿದಾಗ. ಮೈಸೂರಿನಿಂದ ಬೆಂಗಳೂರಿಗೆ 145 ಕಿ.ಮೀ. ಟಿಯಾಗೊದಲ್ಲಿ ಗಂಟೆಗೆ 80ರಲ್ಲಿ ಹೋದರೆ ಕೆಂಗೇರಿ ದಾಟುವಾಗ ನಾಲ್ಕರಲ್ಲೊಂದು ಪಾಲು ಉಳಿದಿರುತ್ತದೆ. 100ರಲ್ಲಿ ಹೋದರೆ ಹತ್ತು ಪರ್ಸೆಂಟಿನ ಹತ್ತಿರ ಬಂದು ಎದೆ ಢವಢವ. ಬರುವಾಗ ಸ್ವಲ್ಪ ಹೆಚ್ಚು ಕೊಡುತ್ತದೆ, ಕಾರಣ ಬೆಂಗಳೂರು ಮೈಸೂರಿಗಿಂತ 150 ಮೀಟರಿನಷ್ಟು ಎತ್ತರದಲ್ಲಿದೆ. ಮೊದಮೊದಲು ನನಗೆ ಇದು ಹೊಳೆದಿರಲಿಲ್ಲ, ಮನೆ ಕಡೆ ಹೊರಟ ಎತ್ತಿನ ಹಾಗೆ ಕಾರಿಗೂ ಹುರುಪು ಬಂತೇನೋ ಅಂದುಕೊಂಡಿದ್ದೆ.

ಒಮ್ಮೆ ನಾಲ್ಕು ಜನ ಟಿಯಾಗೊದಲ್ಲಿ ಮಡಿಕೇರಿಗೆ ಹೋದೆವು. 120 ಕಿ.ಮೀ. ಮಾತ್ರ, ಆದರೆ 400 ಮೀಟರ್ ಹತ್ತಬೇಕು. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಒಂದೂವರೆಯಿಂದ ಎರಡು ಯೂನಿಟ್ ಹೆಚ್ಚುವರಿ ಬೇಕು. ಕೇಳಲು ಕಡಿಮೆ, 24ರಲ್ಲಿ ಎರಡು ಹೋದರೆ ಕಡಿಮೆಯಲ್ಲ. 20 ಪರ್ಸೆಂಟಿನಲ್ಲಿ ಊರು ಮುಟ್ಟಿದೆವು. ಆಪ್ ತೋರಿಸಿದ ಮೊದಲ ಚಾರ್ಜಿಂಗ್ ಕೇಂದ್ರ ಕೆಟ್ಟು ನಿಂತಿತ್ತು, ಎರಡನೆಯದರಲ್ಲಿ ಒಬ್ಬರು ಗನ್ ಚುಚ್ಚಿ ಊಟಕ್ಕೆ ಹೋಗಿದ್ದರು. ರಾಜಾಸೀಟಿನಲ್ಲಿ ನೋಡಬೇಕಾಗಿದ್ದ ಸೂರ್ಯಾಸ್ತವನ್ನು ಚಾರ್ಜಿಂಗ್ ಕೇಂದ್ರದ ಕಾಂಪೌಂಡಿನ ಮೇಲೆ ಕೂತು ನೋಡಿದೆವು. (ಬೆಟ್ಟದ ಮೇಲೆ ನೂರಕ್ಕೆ ನೂರು ತುಂಬಿಸಬೇಡಿ. ಇಳಿಯುವಾಗ ವೇಗ ತಗ್ಗಿಸಿದರೆ ಮೋಟರೇ ಕರೆಂಟು ಹುಟ್ಟಿಸುತ್ತದೆ, ತುಂಬಿದ ಬ್ಯಾಟರಿ ಅದನ್ನು ಒಳಗೆ ತೆಗೆದುಕೊಳ್ಳುವುದಿಲ್ಲ.)

ಹೊರಗಿನ ಕೇಂದ್ರಗಳ ವೇಗದ ಡಿಸಿ ಚಾರ್ಜರಿನಲ್ಲಿ 10ರಿಂದ 80 ಪರ್ಸೆಂಟಿಗೆ ಎರಡಕ್ಕೂ ಹೆಚ್ಚುಕಡಿಮೆ ಒಂದು ಗಂಟೆ ಎಂದು ಕಂಪನಿ ಹೇಳುತ್ತದೆ. ನೋಡಿದವರು ‘ಎರಡೂ ಒಂದೇ ಬಿಡಿ’ ಅನ್ನುತ್ತಾರೆ. ಒಂದೇ ಅಲ್ಲ. 24ರಲ್ಲಿ 70 ಪರ್ಸೆಂಟ್ ಅಂದರೆ 17 ಯೂನಿಟ್, 35ರಲ್ಲಿ 70 ಪರ್ಸೆಂಟ್ ಅಂದರೆ 24ಕ್ಕೂ ಮೇಲೆ. ಅದೇ ಒಂದು ಗಂಟೆ ದೋಸೆ ತಿಂದು ಕಾಫಿ ಕುಡಿದು ಬಂದರೆ ಟಿಯಾಗೊಗೆ ಸಿಗುವುದು 115 ಕಿ.ಮೀ. ದಾರಿ, ಪಂಚಿಗೆ 160. ಅಲ್ಲಿ ದೊಡ್ಡ ಚಾರ್ಜರ್ ಇದ್ದರೂ ಟಿಯಾಗೊ ತನ್ನ ಮಿತಿಗಿಂತ ವೇಗವಾಗಿ ಕುಡಿಯುವುದಿಲ್ಲ. ದೂರ ಹೋಗುವವರಿಗೆ ದೊಡ್ಡ ಬ್ಯಾಟರಿ ಬೇಕು ಎನ್ನುವುದು ಇದಕ್ಕೇ. ಭಾವ ಹಾಸನದಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದೆ ಹೋಗುತ್ತಾರೆ, ಎಡೆಯೂರಿನಲ್ಲಿ ದೇವಸ್ಥಾನಕ್ಕೆ ನಿಲ್ಲುವುದೊಂದನ್ನು ಬಿಟ್ಟು.

ಹಾಗಾದರೆ ಎಲ್ಲರೂ ಪಂಚೇ ತಗೊಳ್ಳಲಿ ಅಂತೀರಾ? ಇಲ್ಲ. ಎರಡೂವರೆ ಲಕ್ಷದ ಲೆಕ್ಕ ಹಾಕೋಣ. ಹೊರ ಊರಿಗೆ ಟ್ಯಾಕ್ಸಿ ಮಾಡಿದರೆ ಕಿಲೋಮೀಟರಿಗೆ 14 ರೂಪಾಯಿ, 300 ಕಿ.ಮೀ.ಗೆ 4,200, ಡ್ರೈವರ್ ಬಾಟಾ 500. ಒಂದು ಸಲಕ್ಕೆ 4,700. ವರ್ಷಕ್ಕೆ ಹತ್ತು ಸಲ ಹೋದರೆ 47,000, ಐದು ವರ್ಷಕ್ಕೆ 2,35,000. ಅಂದರೆ ವರ್ಷಕ್ಕೆ ಹತ್ತು ಸಲಕ್ಕಿಂತ ಕಡಿಮೆ ದೂರ ಹೋಗುವವರು ಟಿಯಾಗೊ ಕೊಂಡು, ಅಷ್ಟು ಸಲಕ್ಕೂ ಟ್ಯಾಕ್ಸಿ ಮಾಡಿಕೊಂಡು, ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಾ ಹೋಗಬಹುದು. ಮನೆಯಲ್ಲಿ ಹಳೇ ಪೆಟ್ರೋಲ್ ಕಾರು ಇದ್ದರೆ ಟ್ಯಾಕ್ಸಿಯೂ ಬೇಡ. ನಾವು ಮಾಡಿರುವುದು ಅದನ್ನೇ. ಮಡಿಕೇರಿಯ ನಂತರ ದೂರದ ದಾರಿಗೆ ಹಳೇ ಕಾರು, ಊರಿನ ದಾರಿಗೆಲ್ಲ ಟಿಯಾಗೊ. ದೇವರಾಜ ಮಾರುಕಟ್ಟೆಯ ಸುತ್ತ ಜಾಗ ಹುಡುಕುವಾಗ ಅದರ ಗಾತ್ರಕ್ಕೆ ನಾನು ಕೈಮುಗಿಯುತ್ತೇನೆ.

ಇನ್ನು 25 ಯೂನಿಟ್ಟಿನ ಸಣ್ಣ ಪಂಚ್. ಹೆಚ್ಚಿನವರ ಕಣ್ಣು ಬೀಳುವುದು ಇದರ ಮೇಲೇ, ಎರಡರ ನಡುವೆ ಬೆಲೆ ಇರುವುದರಿಂದ. ನನಗೆ ಇದು ಒಪ್ಪಿಗೆಯಿಲ್ಲ. ಟಿಯಾಗೊಗಿಂತ ಒಂದೇ ಯೂನಿಟ್ ಹೆಚ್ಚು, ಎಳೆಯಬೇಕಾದ ಮೈ ದೊಡ್ಡದು. ಪಂಚ್ ಕೊಂಡ ಹೆಸರು ಬರುತ್ತದೆ, ಬೆಂಗಳೂರಿಗೆ ಹೋಗುವಾಗ ಟಿಯಾಗೊದವನ ಢವಢವ ತಪ್ಪುವುದಿಲ್ಲ. 19.2 ಯೂನಿಟ್ಟಿನ ಸಣ್ಣ ಟಿಯಾಗೊ ಕೂಡ ನಾನು ಯಾರಿಗೂ ಹೇಳುವುದಿಲ್ಲ. ಬ್ಯಾಟರಿ ವರ್ಷ ಕಳೆದಂತೆ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ, ಮೊದಲೇ ಚಿಕ್ಕದಿದ್ದರೆ ಕುಗ್ಗಿದ್ದು ಬೇಗ ಕಾಣುತ್ತದೆ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ, ಆದರೆ ಅದು ಸಹಜವಾಗಿ ಕುಗ್ಗುವ ಅಷ್ಟಿಷ್ಟಕ್ಕೆ ಉತ್ತರ ಕೊಡುವುದಿಲ್ಲ.

ಆದರೆ ಸಣ್ಣ ಪಂಚಿನ ಪರವಾಗಿ ಒಂದು ಮಾತು ಹೇಳಲೇಬೇಕು, ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಯಾವ ಪಂಚ್ ಇವಿ ಕೊಂಡರೂ ಆರು ಏರ್‌ಬ್ಯಾಗ್. 2024ರಲ್ಲಿ, ಕಾರನ್ನು ಗುದ್ದಿಸಿ ನೋಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ಸ್ಟಾರ್ ಬಂತು, ದೊಡ್ಡವರ ರಕ್ಷಣೆಗೆ 32ಕ್ಕೆ 31.46. ನನ್ನ ಟಿಯಾಗೊದಲ್ಲಿರುವುದು ಎರಡೇ ಏರ್‌ಬ್ಯಾಗ್. ಪೆಟ್ರೋಲ್ ಟಿಯಾಗೊಗೆ 2020ರಲ್ಲಿ ನಾಲ್ಕು ಸ್ಟಾರ್ ಸಿಕ್ಕಿತ್ತು, ಅದು ಹಳೆಯ ನಿಯಮದ ಪರೀಕ್ಷೆ. ಪುಟ್ಟ ಮಕ್ಕಳಿರುವ ಮನೆಯವರು ಇದೊಂದೇ ಕಾರಣಕ್ಕೆ ಪಂಚ್ ಎಂದರೆ ನಾನು ಎದುರು ಮಾತಾಡುವುದಿಲ್ಲ.

ಹಾಗೆಯೇ ಹಳ್ಳಿಯ ದಾರಿ. ಪಂಚಿನ ಹೊಟ್ಟೆ ನೆಲದಿಂದ 190 ಮಿ.ಮೀ. ಮೇಲಿದೆ. ನನ್ನ ಟಿಯಾಗೊ ನಾಲ್ಕು ಜನ ತುಂಬಿಕೊಂಡರೆ, ಪತ್ರಿಕೆಯವರು ‘ಅವೈಜ್ಞಾನಿಕ’ ಎಂದು ಬರೆಯುವ ಆ ಹಂಪುಗಳ ಮೇಲೆ ಕರ್ ಎನ್ನುತ್ತದೆ, ಬ್ಯಾಟರಿ ಕೆಳಗಿದೆ ಎಂದು ನೆನಪಾಗಿ ಕರುಳು ಚುರ್ ಎನ್ನುತ್ತದೆ. ಡಿಕ್ಕಿ ಪಂಚಿನಲ್ಲಿ 366 ಲೀಟರ್, ಟಿಯಾಗೊದಲ್ಲಿ 240. ಸ್ಟೆಪ್ನಿಯೂ ಇಲ್ಲ, ಪಂಕ್ಚರ್ ಕಿಟ್ ಕೊಟ್ಟಿದ್ದಾರೆ.

ಹೋದ ತಿಂಗಳು ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಇಷ್ಟನ್ನೂ ಕೂತು ಕೇಳಿದರು. ಮನೆಯಲ್ಲಿ ಬೇರೆ ಕಾರಿಲ್ಲ, ಮಗ ಬೆಂಗಳೂರಿನಲ್ಲಿ, ಹೆಂಡತಿಗೆ ಮಂಡಿನೋವು. ಪಂಚ್ ಎಂದೆ. ಅವರು ಎರಡೂ ಕಾರನ್ನು ಟೆಸ್ಟ್ ಡ್ರೈವಿಗೆ ಮನೆಗೇ ತರಿಸಿದರು, ತಾವು ಓಡಿಸಲೇ ಇಲ್ಲ. ಹೆಂಡತಿಯನ್ನು ಕರೆದು ಎರಡಕ್ಕೂ ಹತ್ತಿಸಿ ಇಳಿಸಿದರು. ಟಿಯಾಗೊದ ಸೀಟು ತಗ್ಗು, ಬಾಗಿಲು ಹಿಡಿದು ಏಳಬೇಕಾಯಿತು. ಪಂಚಿನ ಸೀಟು ಅವರ ಸೊಂಟದ ಎತ್ತರಕ್ಕೇ ಇತ್ತು, ಪಕ್ಕಕ್ಕೆ ಸರಿದು ಕೂತರು.

‘ಇದು ಕುರ್ಚಿ ಇದ್ದ ಹಾಗಿದೆ ಕಣ್ರೀ’ ಎಂದರಂತೆ ಅವರ ಮನೆಯವರು. ಮೇಷ್ಟ್ರು ಅವತ್ತೇ ಮುಂಗಡ ಕಟ್ಟಿ ಬಂದು, ಈಗ ಅರ್ಥಿಂಗ್ ಗುಂಡಿ ತೋಡಿಸುತ್ತಿದ್ದಾರೆ.