ನಕ್ಷೆಯ ಹಸಿರು, ನಮ್ಮ ಅಡಿಕೆ ತೋಟ

ನಕ್ಷೆಯಲ್ಲಿರುವುದು ನೆಲದ ಮೇಲೂ ಹಾಗೇ ಇದೆಯಾ ನೋಡಲು, ಭಾನುವಾರ ಮಾವನ ಜತೆ ಕಾಸರಗೋಡಿನ ಬದಿಯಡ್ಕ ಹತ್ತಿರದ ಪದವಿಗೆ (ಮುರಕಲ್ಲಿನ ಬಯಲು ಗುಡ್ಡಕ್ಕೆ) ಹೋಗಿದ್ದೆ. ಮೊಬೈಲಿನಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ 2021 ನಕ್ಷೆ ಇತ್ತು; ಎಲ್ಲಿ ಮರ, ಎಲ್ಲಿ ಹುಲ್ಲು, ಎಲ್ಲಿ ನೀರು ಎಂದು ಬಣ್ಣಗಳಲ್ಲಿ ತೋರಿಸುವ ನಕ್ಷೆ ಅದು. ಸೆಂಟಿನೆಲ್ ಉಪಗ್ರಹಗಳ ಚಿತ್ರಗಳಿಂದ ಮಾಡಿದ್ದು, ಒಂದೊಂದು ಚೌಕವೂ 10 ಮೀಟರ್.

"ಇದೆಲ್ಲ ಕಾಡಾ?" ಮಾವ ನಮ್ಮ ತೋಟದ ಮೇಲೆ ಬೆರಳಿಟ್ಟು ಕೇಳಿದರು. ಅಲ್ಲಿರುವುದು ಅಡಿಕೆ, ನಡುವೆ ಬಾಳೆ, ಮರಕ್ಕೆ ಹಬ್ಬಿದ ಕರಿಮೆಣಸು. ನಕ್ಷೆಯಲ್ಲಿ ಗುಡ್ಡದ ಕಾಡಿಗೂ ಅದಕ್ಕೂ ಒಂದೇ ಹಸಿರು. ನಕ್ಷೆ ತಪ್ಪಿಲ್ಲ. ಆ ಬಣ್ಣದ ಅರ್ಥ 'ಮರಗಳ ಹೊದಿಕೆ', ನೆಟ್ಟು ಬೆಳೆಸಿದ ತೋಟವೂ ಅದರಲ್ಲೇ ಬರುತ್ತದೆ. ಅದನ್ನು ಕಾಡು ಎಂದು ಓದಿದರೆ ತಪ್ಪು ನಮ್ಮದು.

ಪದವಿನ ಕಥೆ ಬೇರೆ. ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಹುಲ್ಲು, ತಗ್ಗುಗಳಲ್ಲಿ ನೀರು. ಫೆಬ್ರವರಿಯಲ್ಲಿ ಬರೀ ಕಪ್ಪುಗಟ್ಟಿದ ಕಲ್ಲು, ಅಲ್ಲಲ್ಲಿ ಒಣಗಿದ ಕಡ್ಡಿ. ಯಾವ ತಿಂಗಳು ಹೋಗಿ ನೋಡಿ ನಕ್ಷೆ 'ಸರಿ' ಅನ್ನಬೇಕು?

ಈ ನಕ್ಷೆಯ ಒಟ್ಟು ನಿಖರತೆ 76.7%. ಆದರೆ ಅದು ಇಡೀ ಜಗತ್ತಿನ ಲೆಕ್ಕ, ನಮ್ಮೂರಿನದ್ದಲ್ಲ. ಒಟ್ಟು ಲೆಕ್ಕವನ್ನು ಸುಮ್ನೆ ನಂಬಲೂಬಾರದು. 100 ಜಾಗಗಳಲ್ಲಿ 90 ಮರ, 10 ಹುಲ್ಲು ಎಂದುಕೊಳ್ಳಿ. ಎಲ್ಲವನ್ನೂ ಮರ ಎಂದು ಬರೆದ ನಕ್ಷೆಗೂ 90% ಸಿಗುತ್ತದೆ, ಅಲ್ವಾ? ಹುಲ್ಲು ಮಾತ್ರ ಒಂದೂ ಸಿಕ್ಕಿರುವುದಿಲ್ಲ. ಹಾಗಾಗಿ ಒಂದೊಂದು ವರ್ಗವನ್ನೂ ಬೇರೆಬೇರೆಯಾಗಿ ನೋಡಬೇಕು. ಹೋಗಿ ನೋಡುವ ಜಾಗಗಳನ್ನೂ ಚೀಟಿ ಎತ್ತಿದ ಹಾಗೆ ಆರಿಸಬೇಕು, ರಸ್ತೆ ಬದಿಯದ್ದೇ ಆದರೆ ಆಗದು.

ಮುಂದಿನ ವಾರ ತೋಡಿನ ಆಚೆಯ ಗದ್ದೆಗಳಿಗೆ ಹೋಗುತ್ತೇವೆ. ಅಲ್ಲಿ ಈಗ ಜಾಸ್ತಿ ಇರುವುದು ಅಡಿಕೆ ಸಸಿಗಳೇ.