ಅಮ್ಮನ ಡಿಕಾಕ್ಷನ್‌ಗೆ 273 ನ್ಯಾನೋಮೀಟರ್

ಪರೀಕ್ಷೆಗೆ ಓದುವಾಗ ಎಚ್‌ಪಿಎಲ್‌ಸಿ (ದ್ರವದಲ್ಲಿ ಬೆರೆತ ವಸ್ತುಗಳನ್ನು ಬೇರೆ ಮಾಡಿ ಅಳೆಯುವ ಯಂತ್ರ) ಅಂದ್ರೆ ನನಗೆ ನಾಲ್ಕು ಡಬ್ಬಿಗಳ ಚಿತ್ರ. ಪಂಪ್, ಇಂಜೆಕ್ಟರ್, ಕಾಲಂ, ಡಿಟೆಕ್ಟರ್. ನಡುವೆ ಬಾಣ ಎಳೆದರೆ ಮಾರ್ಕ್ಸ್ ಗ್ಯಾರಂಟಿ.

ಎಂಎಸ್ಸಿ ಪ್ರಾಜೆಕ್ಟಿಗೆ ಅದರ ಮುಂದೆ ಕೂತಾಗ ಗೊತ್ತಾಯ್ತು, ಬಾಣದೊಳಗೇ ಎಲ್ಲ ಕಷ್ಟ ಇರೋದು ಅಂತ. ನನ್ನ ಕೆಲಸ ಕಾಫಿಯಲ್ಲಿ ಕೆಫೀನ್ ಅಳೆಯುವುದು. ಊರಿಂದ ಬರುವಾಗ ಅಮ್ಮ ಹಾಕಿದ ಡಿಕಾಕ್ಷನ್ ಬಾಟಲಿಯಲ್ಲಿ ತಂದಿದ್ದೆ. ಪುಡಿ 70:30, ಅಂದ್ರೆ ಮೂವತ್ತು ಭಾಗ ಚಿಕೋರಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ.

ಮೊದಲ ದಿನ ಅವಸರ. ಸ್ಯಾಂಪಲನ್ನು ಕಾಲಂ ಮೂಲಕ ತಳ್ಳಿಕೊಂಡು ಹೋಗುವ ಮೆಥನಾಲ್-ನೀರಿನ ಮಿಶ್ರಣವನ್ನು, ಗಾಳಿ ಗುಳ್ಳೆ ಬಿಡಿಸುವ ಸೋನಿಕೇಟರ್‌ನಲ್ಲಿ ಇಡದೆ ಹಾಗೇ ಪಂಪಿಗೆ ಕೊಟ್ಟೆ. ಗಾಳಿ ಸೇರಿಕೊಂಡಿತು. ಪ್ರೆಶರ್ ಮೇಲೆ ಕೆಳಗೆ, ಗ್ರಾಫಿನಲ್ಲಿ ನೇರವಾಗಿರಬೇಕಾದ ಬೇಸ್‌ಲೈನ್ ಹಾವು ಹರಿದ ಹಾಗೆ. ಸೀನಿಯರ್ ಬಂದು ಗಾಳಿ ಹೊರಹಾಕುವ ಪರ್ಜ್ ವಾಲ್ವ್ ತಿರುಗಿಸಿದರು, ಏನೂ ಬಯ್ಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಕಾಲಂ ನೋಡೋಕೆ ಗೇಣುದ್ದದ ಸ್ಟೀಲ್ ಕೊಳವೆ. ಒಳಗೆ 5 ಮೈಕ್ರಾನ್ ಸಿಲಿಕಾ ಕಣಗಳು, ಅವುಗಳ ಮೇಲೆ ಹದಿನೆಂಟು ಕಾರ್ಬನ್‌ಗಳ ಸರಪಳಿ. ಒಂಥರಾ ಜಿಡ್ಡು ಹಿಡಿದ ಬಾಣಲೆ. ನೀರನ್ನು ಇಷ್ಟಪಡುವವು ಜಾರಿ ಬೇಗ ಹೊರಬೀಳುತ್ತವೆ, ಜಿಡ್ಡನ್ನು ಇಷ್ಟಪಡುವವು ಅಂಟಿಕೊಂಡು ತಡ ಮಾಡುತ್ತವೆ. ನೂರು ವರ್ಷಗಳಿಗೂ ಹಿಂದೆ ತ್ಸ್ವೆಟ್ ಎಂಬ ರಷ್ಯನ್ ವಿಜ್ಞಾನಿ ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ಬಣ್ಣಗಳನ್ನು ಬೇರೆ ಮಾಡಿದ್ದೂ ಇಂಥದ್ದೇ ಜಗ್ಗಾಟದಿಂದ. ಅವನಿಗೆ ಬಣ್ಣದ ಪಟ್ಟಿ ಕಣ್ಣಿಗೇ ಕಾಣುತ್ತಿತ್ತು. ಕೆಫೀನಿಗೆ ಬಣ್ಣವೇ ಇಲ್ಲ. ಅದಕ್ಕೇ 273 ನ್ಯಾನೋಮೀಟರಿನ ಯುವಿ ಬೆಳಕು. ಕೆಫೀನ್ ಅದನ್ನು ಎಷ್ಟು ಹೀರಿತು ಅಂತ ಡಿಟೆಕ್ಟರ್ ನೋಡುತ್ತದೆ.

ಎರಡನೇ ದಿನ ಡಿಕಾಕ್ಷನ್ ಸೋಸಿ, ತೆಳು ಮಾಡದೆ ಹಾಗೇ ಹಾಕಿಬಿಟ್ಟೆ. ಗ್ರಾಫಿನಲ್ಲಿ ಕೆಫೀನಿನ ಶಿಖರ, ಅಂದ್ರೆ ಪೀಕ್, ಏರಿತು, ಏರಿತು, ಆಮೇಲೆ ಕತ್ತರಿಯಿಂದ ತಲೆ ಕತ್ತರಿಸಿದ ಹಾಗೆ ಚಪ್ಪಟೆ. ಡಿಟೆಕ್ಟರ್‌ಗೆ ಅಷ್ಟು ಜಾಸ್ತಿ ಅಳೆಯೋಕೇ ಆಗಿಲ್ಲ. ಮಜಾ ಏನಂದ್ರೆ, ಸಾಫ್ಟ್‌ವೇರ್ ಮಾತ್ರ ಪೀಕಿನ ಏರಿಯಾ (ಅದರಿಂದಲೇ ಕೆಫೀನ್ ಲೆಕ್ಕ) ಅಂತ ಒಂದು ಸಂಖ್ಯೆಯನ್ನು ಮೂರು ದಶಮಾಂಶದವರೆಗೂ ಕೊಟ್ಟಿತ್ತು! ನಾನು ಅದನ್ನು ನೋಟ್‌ಬುಕ್ಕಿಗೂ ಇಳಿಸಿಕೊಂಡಿದ್ದೆ. ಗ್ರಾಫ್ ನೋಡಿದ್ದು ಆಮೇಲೆ.

ಒಂದು ಎಂಎಲ್ ತೆಗೆದು ನೂರು ಎಂಎಲ್ ಮಾಡಿ ಮತ್ತೆ ಹಾಕಿದೆ. ಈ ಸಲ ಚೂಪಾದ ಪೀಕ್. ಕೆಫೀನ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ, 10ರಿಂದ 50 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ) ಸ್ಟ್ಯಾಂಡರ್ಡ್‌ಗಳ ಗೆರೆಯ ಮೇಲೆ ಇಟ್ಟು ನೋಡಿದರೆ 21. ನೂರರಿಂದ ಗುಣಿಸಿದರೆ ಲೀಟರಿಗೆ 2,100 ಮಿಲಿಗ್ರಾಂ. ಒಂದು ಲೋಟಕ್ಕೆ ಅಮ್ಮ ಹಾಕೋದು ಸುಮಾರು 30 ಎಂಎಲ್, ಅಂದ್ರೆ 63 ಮಿಲಿಗ್ರಾಂ.

ರಾತ್ರಿ ಫೋನ್ ಮಾಡಿ ಹೇಳಿದೆ. "ಅದಿರಲಿ, ಬಾಟಲಿ ವಾಪಸ್ ತಗೊಂಡು ಬಾ" ಅಂದರು.