ನಮ್ಮ ಸೈಟಿನಲ್ಲಿ ‘ರೈಟ್’ ಅನ್ನುವಂತಿಲ್ಲ

ಬಸ್ಸಿನಲ್ಲಿ ಓಡಾಡಿ ಬೆಳೆದ ನಮಗೆಲ್ಲ ‘ರೈಟ್ ರೈಟ್’ ಅಂದರೆ ಹೋಗಲಿ ಅಂತ. ಮಡಿಕೇರಿಯಿಂದ ಸಂಪಾಜೆಯವರೆಗೆ ಯಾರನ್ನು ಕೇಳಿದರೂ ಅದೇ ಅರ್ಥ ಹೇಳುತ್ತಾರೆ. ಕಂಡಕ್ಟರ್ ತಗಡು ಬಡಿದು ರೈಟ್ ಅಂದ, ಬಸ್ಸು ಹೊರಟಿತು. ಈ ಒಂದು ಮಾತಿನಿಂದ ನಮ್ಮ ಟಿಪ್ಪರೊಂದು ಕಣಿವೆಗೆ ಉರುಳುವುದರಲ್ಲಿತ್ತು.

2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿ ಕಡೆ ಗುಡ್ಡ ಜರಿದು ಹೆದ್ದಾರಿ ಮುಚ್ಚಿಹೋಯಿತಲ್ಲ, ಆಮೇಲಿನ ದುರಸ್ತಿ ಕೆಲಸದಲ್ಲಿ ಬಾವುಟ ಹಿಡಿಯಲು ಸೇರಿದವನು ನಾನು. ಆಗ ಟ್ರೇನಿಂಗ್ ಅಂತ ಸಿಕ್ಕಿದ್ದು ಒಂದು ಕೆಂಪು ಬಟ್ಟೆ, ಒಂದು ಹಸಿರು ಬಟ್ಟೆ, ‘ಅಡ್ಡ ನಿಲ್ಬೇಡ ಮಾರಾಯ’ ಅನ್ನುವ ಒಂದು ಮಾತು. ಈಗ ಸೂಪರ್‌ವೈಸರ್ ಆಗಿದ್ದೇನೆ. ಹಾಗಾಗಿ ಇಲ್ಲಿ ಹೇಳುತ್ತಿರುವುದು ನನ್ನದೇ ತಪ್ಪಿನ ಕಥೆ.

ಜೂನ್ ತಿಂಗಳು. ರಾತ್ರಿಯಿಡೀ ಸುರಿದ ಮಳೆಗೆ ತಿರುವೊಂದರಲ್ಲಿ ದರೆ, ಅಂದರೆ ರಸ್ತೆಗೆ ತಾಗಿದ ಗುಡ್ಡದ ಬದಿ, ಜರಿದು ಅರ್ಧ ರಸ್ತೆಗೆ ಮಣ್ಣು ಬಿದ್ದಿತ್ತು. ಜೆಸಿಬಿ ಮಣ್ಣು ಎತ್ತಿ ಟಿಪ್ಪರಿಗೆ ತುಂಬಬೇಕು. ಘಾಟಿಯಲ್ಲಿ ಟಿಪ್ಪರ್ ತಿರುಗಿಸಲು ಜಾಗವೆಲ್ಲಿ? ಮೂತಿ ಕೆಳಮುಖ ಇಟ್ಟುಕೊಂಡೇ ಏರಿಗೆ ರಿವರ್ಸ್ ಬರಬೇಕು. ಡ್ರೈವರಿನ ಬಲಗಡೆ ಕಣಿವೆ. ರಸ್ತೆಯ ಆ ಅಂಚಿಗೆ ಹಿಂದಿನ ವರ್ಷವಷ್ಟೇ ಮಣ್ಣು ತುಂಬಿದ್ದರು. ನೋಡಲು ಗಟ್ಟಿಯಾಗಿಯೇ ಇತ್ತು, ಹುಲ್ಲೂ ಬೆಳೆದಿತ್ತು.

ಟಿಪ್ಪರಿನ ಹಿಂದೆ ದಾರಿ ತೋರಿಸಲು ನಿಲ್ಲಿಸಿದ್ದು ಸುಂಟಿಕೊಪ್ಪ ಕಡೆಯ ಒಬ್ಬ ಹುಡುಗನನ್ನು. ಕೆಲಸಕ್ಕೆ ಬಂದು ಎರಡನೇ ದಿನ. ಕೆಳಗಡೆ ವೀಕೆಂಡಿನ ಕಾರುಗಳ ಸಾಲು ಹಾರ್ನ್ ಬಾರಿಸುತ್ತಿತ್ತು. ಅವರನ್ನು ಸಮಾಧಾನ ಮಾಡಲು ನಾನು ಕೆಳಗೆ ಹೋದೆ. ಹುಡುಗನಿಗೆ ‘ನೋಡ್ಕೋ’ ಅಂದಿದ್ದೆ. ಏನನ್ನು ನೋಡಿಕೊಳ್ಳಬೇಕು, ಎಲ್ಲಿ ನಿಂತು ನೋಡಿಕೊಳ್ಳಬೇಕು ಎಂದು ಹೇಳಿರಲಿಲ್ಲ.

ಅವನು ತನಗೆ ಗೊತ್ತಿದ್ದದ್ದನ್ನೇ ಮಾಡಿದ. ಟಿಪ್ಪರಿನ ನೇರ ಹಿಂದೆ ನಿಂತು ಬಾಡಿ ತಟ್ಟುತ್ತಾ ‘ರೈಟ್, ರೈಟ್’ ಅಂದ. ಡ್ರೈವರ್ ಜಾರ್ಖಂಡಿನವನು. ಅವನು ಹಿಂದೆ ದುಡಿದ ಸೈಟುಗಳಲ್ಲಿ ರೈಟ್ ಅಂದರೆ ಸ್ಟೀರಿಂಗ್ ಬಲಕ್ಕೆ ತಿರುಗಿಸು ಅಂತ. ತಿರುಗಿಸಿದ. ರಿವರ್ಸಿನಲ್ಲಿ ಸ್ಟೀರಿಂಗ್ ಬಲಕ್ಕೆ ಹೋದರೆ ಗಾಡಿಯ ಹಿಂಭಾಗವೂ ಬಲಕ್ಕೇ ಹೋಗುತ್ತದೆ. ಹುಡುಗನ ಗಂಟಲು ಏರಿದಷ್ಟೂ ಅವನು ಇನ್ನಷ್ಟು ತಿರುಗಿಸಿದ. ಜೆಸಿಬಿ ಆಪರೇಟರ್ ಬಕೆಟ್ ಕೆಳಗಿಟ್ಟು ಹಾರ್ನ್ ಒತ್ತಿ ಹಿಡಿದ. ಅಷ್ಟರಲ್ಲಿ ಬಲಗಡೆಯ ಹಿಂದಿನ ಚಕ್ರ ಹೊಸ ಮಣ್ಣಿಗೆ ಇಳಿದು ರಿಮ್ಮಿನ ಅರ್ಧಕ್ಕೆ ಹೂತಿತ್ತು. ಬಾಡಿಯಲ್ಲಿ ಲೋಡ್ ಇರಲಿಲ್ಲ, ಅದರಿಂದಲೇ ಉಳಿಯಿತು. ಲೋಡ್ ಇದ್ದಿದ್ದರೆ ಹತ್ತು ಚಕ್ರದ ಟಿಪ್ಪರ್ 28 ಟನ್ನಿನ ಹತ್ತಿರ ತೂಗುತ್ತದೆ. ಆ ಅಂಚು ಅಷ್ಟನ್ನು ಎಲ್ಲಿಂದ ಹೊರುತ್ತದೆ?

ನಾನು ಓಡಿ ಬಂದಾಗ ಹುಡುಗ ಟಿಪ್ಪರಿಗೂ ಜೆಸಿಬಿಗೂ ನಡುವೆ ಇನ್ನೂ ನಿಂತೇ ಇದ್ದ. ಚಕ್ರ ಹೂತದ್ದಕ್ಕಿಂತ ನನ್ನ ಎದೆ ಒಡೆದದ್ದು ಅದನ್ನು ನೋಡಿ. ಡ್ರೈವರ್ ಸರಿಯಾಗಿಯೇ ಬಂದಿದ್ದರೂ, ಬ್ರೇಕ್ ಒಂದು ಗಳಿಗೆ ತಡವಾಗಿದ್ದರೆ ಹುಡುಗ ಅಲ್ಲೇ ಅಪ್ಪಚ್ಚಿ. ಹಿಂದೆ ನೇರ ನಿಂತವನು ಡ್ರೈವರಿಗೆ ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಮಳೆಯ ಸದ್ದು, ಇಂಜಿನ್ ಸದ್ದಿನ ನಡುವೆ ಅವನಿಗೆ ಕೇಳಿಸಿದ್ದು ಒಂದು ಅಸ್ಪಷ್ಟ ರೈಟ್ ಮಾತ್ರ.

ಮಧ್ಯಾಹ್ನ ಚಕ್ರ ಎತ್ತಿ ಮುಗಿಸಿದ ಮೇಲೆ ತಾಡಪಾಲಿನ ಕೆಳಗೆ ಎಲ್ಲರೂ ಕೂತೆವು. ಲೆಕ್ಕ ಹಾಕಿದರೆ ಆ ಒಂದು ತಿರುವಿನಲ್ಲಿ ಕನ್ನಡ, ಅರೆಭಾಷೆ, ಕೊಡವ ತಕ್ಕ್, ತುಳು, ಮಲಯಾಳ, ಹಿಂದಿ ಎಲ್ಲ ಇದ್ದವು. ಕೂಲಿಯವರು ರಾಯಚೂರು ಕಡೆಯವರು, ಅವರ ಕನ್ನಡವೇ ಬೇರೆ. ಹಿಂದಿಯವನು ‘ಬಸ್ ಬಸ್’ ಅಂದರೆ ಸಾಕು ನಿಲ್ಲಿಸು ಅಂತ. ನಮ್ಮವನಿಗೆ ಅದು ಕೇಳಿಸುವುದು ಬಸ್ಸು ಬಂತು, ದಾರಿ ಬಿಡು ಅಂತ! ಇದನ್ನು ಹೇಳಿದಾಗ ಎಲ್ಲರೂ ನಕ್ಕರು. ಬೆಳಿಗ್ಗೆಯಿಂದ ಮೊದಲ ಸಲ ನಕ್ಕದ್ದು.

ಅಂದಿನಿಂದ ಬಾಯಿ ಬಂದ್. ರಿವರ್ಸ್ ತೋರಿಸುವುದು ಕೈಯಿಂದ ಮಾತ್ರ, ತೋರಿಸುವವನು ಒಬ್ಬನೇ. ಮಿಕ್ಕವರೆಲ್ಲ ಹಳದಿ ಜಾಕೆಟ್, ಅವನಿಗೆ ಕಿತ್ತಳೆ. ಹೊಸ ಡ್ರೈವರ್ ಬಂದರೆ ಗಾಡಿ ಹತ್ತುವ ಮೊದಲು ಕಿತ್ತಳೆಯವನ ಮುಂದೆ ನಿಂತು ನಾಲ್ಕು ಸನ್ನೆ ಮಾಡಿ ತೋರಿಸಬೇಕು: ಬಾ, ಎಡಕ್ಕೆ, ಬಲಕ್ಕೆ, ನಿಲ್ಲು. ನಿಲ್ಲು ಅನ್ನುವುದಕ್ಕೆ ಎರಡೂ ಕೈ ಮೇಲೆ, ಅಂಗೈ ಡ್ರೈವರಿನ ಕಡೆ. ಕಿತ್ತಳೆಯವನು ನಿಲ್ಲುವುದು ಡ್ರೈವರಿನ ಬಾಗಿಲಿನ ಕಡೆಗೆ, ಚಕ್ರದ ದಾರಿಯಿಂದ ಹೊರಗೆ, ಕನ್ನಡಿಯಲ್ಲಿ ಡ್ರೈವರಿನ ಮುಖ ಕಾಣುವಲ್ಲಿ. ಆ ಬದಿಯಲ್ಲಿ ಕಣಿವೆ ಇದ್ದರೆ ಎಡಗನ್ನಡಿಯಲ್ಲಿ ಕಾಣುವ ಹಾಗೆ ದರೆಯ ಕಡೆ ನಿಲ್ಲುತ್ತಾನೆ. ನೀನು ಡ್ರೈವರಿನ ಕಣ್ಣು ನೋಡದಿದ್ದರೆ ಅವನೂ ನಿನ್ನನ್ನು ನೋಡುತ್ತಿಲ್ಲ ಎಂದೇ ಲೆಕ್ಕ. ಕಿತ್ತಳೆ ಕನ್ನಡಿಯಿಂದ ಮರೆಯಾದ ಕ್ಷಣ ಡ್ರೈವರ್ ಬ್ರೇಕ್ ಒತ್ತಬೇಕು, ಯಾಕೆ ಎಂದು ಯೋಚಿಸುತ್ತಾ ಕೂರುವಂತಿಲ್ಲ. ಇಬ್ಬರು ಕೈ ಬೀಸಿದರೂ ಹಾಗೆಯೇ, ಗಾಡಿ ನಿಲ್ಲಬೇಕು.

ಸೀಟಿಯ ವಿಷಯದಲ್ಲಿ ಸ್ವಲ್ಪ ಜಗಳವೇ ಆಯಿತು. ಕಂಡಕ್ಟರ್ ಲೆಕ್ಕದಲ್ಲಿ ಒಂದು ಸೀಟಿ ನಿಲ್ಲು, ಎರಡು ಸೀಟಿ ಹೊರಡು. ಅದನ್ನೇ ಇಟ್ಟುಕೊಳ್ಳೋಣ ಅಂದರು ಕೆಲವರು. ನಾನು ಒಪ್ಪಲಿಲ್ಲ. ಮಳೆಯಲ್ಲಿ ಎರಡರಲ್ಲಿ ಒಂದು ಸೀಟಿ ಕೇಳಿಸದೆ ಹೋದರೆ ಗಾಡಿ ನಿಲ್ಲುತ್ತದೆ, ಪರವಾಗಿಲ್ಲ. ಆದರೆ ಇಬ್ಬರು ಗಾಬರಿಯಲ್ಲಿ ಒಂದೊಂದು ಊದಿದರೆ? ಎರಡಾಯಿತು, ಗಾಡಿ ಹೊರಟಿತು. ಹಾಗಾಗಿ ನಮ್ಮಲ್ಲಿ ಸೀಟಿ ಎಷ್ಟು ಸಲ ಊದಿದರೂ ನಿಲ್ಲು ಎಂದೇ ಅರ್ಥ. ಅದನ್ನು ಊದುವ ಹಕ್ಕು ಅಡುಗೆಯವಳಿಗೂ ಇದೆ.

ಇನ್ನು ರಸ್ತೆಯಲ್ಲಿ ಬರುವ ಗಾಡಿಗಳ ಕಥೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 55 ಎಂಬ ಕೈಪಿಡಿ ಇದೆ, 2014ರಲ್ಲಿ ಪರಿಷ್ಕರಿಸಿದ್ದು. ಕಾಮಗಾರಿಗೆ ಎಷ್ಟು ಮೊದಲೇ ಬೋರ್ಡ್ ಇರಬೇಕು, ಕೋನ್‌ಗಳನ್ನು ಹೇಗೆ ಓರೆಯಾಗಿ ಜೋಡಿಸಬೇಕು ಎಲ್ಲ ಅದರಲ್ಲಿದೆ. ಆದರೆ ಬೋರ್ಡ್ ಎಲ್ಲಿದೆ ಎನ್ನುವುದಕ್ಕಿಂತ ಎಲ್ಲಿಂದ ಕಾಣುತ್ತದೆ ಎನ್ನುವುದು ಘಾಟಿಯಲ್ಲಿ ಮುಖ್ಯ. ಸಿಲ್ವರ್ ಓಕಿಗೆ ಕಟ್ಟಿದ ‘ಕಾಮಗಾರಿ ಪ್ರಗತಿಯಲ್ಲಿದೆ’ ಬೋರ್ಡು ತಿರುವು ದಾಟಿದ ಮೇಲೆ ಕಂಡರೆ ಅದು ಇದ್ದೂ ಇಲ್ಲದ ಹಾಗೆ. ಗಂಟೆಗೆ 40 ಕಿ.ಮೀ. ವೇಗದ ಕಾರು ಸೆಕೆಂಡಿಗೆ 11 ಮೀಟರ್ ಬರುತ್ತದೆ. ಬಾವುಟ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ ಸುಮಾರು 17 ಮೀಟರ್ ಖಾಲಿ. ಮಂಜು ಇಳಿದಾಗ ಕಾಣುವುದೇ 30 ಮೀಟರ್ ಅಂದುಕೊಳ್ಳಿ. ಉಳಿದ 13 ಮೀಟರಿನಲ್ಲಿ, ಒದ್ದೆ ಇಳಿಜಾರಿನಲ್ಲಿ ಆ ಕಾರು ನಿಲ್ಲುತ್ತದೆ ಎಂದು ನಂಬುವಂತಿಲ್ಲ, ಬಾವುಟದವನ ಮೇಲೆಯೇ ಬರಬಹುದು. ಅದಕ್ಕೇ ಮೇಲ್ಗಡೆಯ ಬಾವುಟದವನು ತಿರುವಿಗಿಂತ ಬಹಳ ಮೊದಲೇ ನಿಲ್ಲಬೇಕು. ರಸ್ತೆಯ ಮಧ್ಯದಲ್ಲಿ ಅಲ್ಲ, ಅಂಚಿನಲ್ಲಿ. ಹಾರಿಕೊಳ್ಳಲು ಎಲ್ಲಿ ಜಾಗ ಇದೆ ಎಂದು ಬೆಳಿಗ್ಗೆಯೇ ನೋಡಿಟ್ಟುಕೊಂಡಿರಬೇಕು. ಬೆನ್ನು ಹಾಕಿ ಮೊಬೈಲ್ ನೋಡುವವನನ್ನು ನಾನು ಅದೇ ದಿನ ಮನೆಗೆ ಕಳಿಸಿದ್ದುಂಟು.

ಬೆಟ್ಟದ ರಸ್ತೆಯಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕು ಎನ್ನುವುದು ಕಾನೂನು. ನಮಗೂ ಅದೇ ಅನುಕೂಲ. ಏರಿನಲ್ಲಿ ನಿಂತ ಲೋಡ್ ಲಾರಿ ಮತ್ತೆ ಹೊರಡುವಾಗ ಹಿಂದಕ್ಕೆ ಜಾರುತ್ತದೆ, ಅದರ ಬೆನ್ನಿಗೆ ಅಂಟಿಕೊಂಡಂತೆ ಒಂದು ಸ್ವಿಫ್ಟ್ ನಿಂತೇ ಇರುತ್ತದೆ. ನಿಲ್ಲಿಸಲೇಬೇಕಾದರೆ ಲಾರಿಯ ಹಿಂದೆ ಒಂದು ಗಾಡಿಯಷ್ಟು ಜಾಗ ಬಿಡಿಸುತ್ತೇವೆ.

ಎರಡು ತುದಿಯ ಬಾವುಟದವರು ಒಬ್ಬರಿಗೊಬ್ಬರು ಕಾಣದಿದ್ದಾಗ ವಾಕಿಟಾಕಿ ಬೇಕು. ಘಾಟಿಯಲ್ಲಿ ಮೊಬೈಲ್ ನೆಟ್‌ವರ್ಕ್ ನಂಬಿದವನು ಕೆಟ್ಟ. ‘ಕೊನೆಗೆ ಬಿಳಿ ಓಮ್ನಿ’ ಎಂದು ಹೇಳಿದರೆ ಆ ಓಮ್ನಿ ದಾಟುವವರೆಗೆ ಇತ್ತ ಕಡೆ ಬಿಡುವಂತಿಲ್ಲ. ಬ್ಯಾಟರಿ ಸತ್ತ ದಿನ ಹಳೆಯ ಉಪಾಯ: ಕೆಂಪು ಬಟ್ಟೆ ಸುತ್ತಿದ ಒಂದು ಕೋಲನ್ನು ಕೊನೆಯ ಗಾಡಿಯವನ ಕೈಗೆ ಕೊಡುವುದು, ಆ ತುದಿಯಲ್ಲಿ ಕೋಲು ಬಂದರೆ ದಾರಿ ಖಾಲಿ. ಒಮ್ಮೆ ಒಬ್ಬ ಮಹಾನುಭಾವ ಕೋಲನ್ನು ಸ್ಮರಣಿಕೆ ಎಂದುಕೊಂಡನೋ ಏನೋ, ಕಿಟಕಿ ಏರಿಸಿಕೊಂಡು ಹೋಗಿಯೇ ಬಿಟ್ಟ. ಎರಡೂ ಕಡೆ ಹತ್ತು ನಿಮಿಷ ಯಾರೂ ಕದಲಲಿಲ್ಲ. ಬೈಗುಳ ಬಂತು, ಆದರೆ ನಮ್ಮ ಹುಡುಗರು ಕೋಲು ಬಾರದೆ ಗಾಡಿ ಬಿಡಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಡಾಂಬರಿನ ದಿನಗಳಲ್ಲಿ ಒತ್ತಡ ಬೇರೆಯೇ. ವಿಜಿ 30 ಎಂಬ ದರ್ಜೆಯ ಬಿಟುಮಿನ್ (ಡಾಂಬರು) ಬೆರೆಸಿದ ಜಲ್ಲಿ ಮಿಶ್ರಣ 150ರಿಂದ 165 ಡಿಗ್ರಿಯಲ್ಲಿ ಪ್ಲಾಂಟಿನಿಂದ ಹೊರಡುತ್ತದೆ. ಹಾಸುವಾಗ 140ಕ್ಕಿಂತ ಕಡಿಮೆ ಇರಬಾರದು, 90ಕ್ಕೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿಯಬೇಕು. ಟಿಪ್ಪರ್ ಕ್ಯೂನಲ್ಲಿ ಸಿಕ್ಕಿಕೊಂಡರೆ ಮಾಲು ತಣ್ಣಗಾಗುತ್ತದೆ, ಇಂಜಿನಿಯರ್ ಬಿಸಿಯಾಗುತ್ತಾರೆ. ಬೇಗ ಬೇಗ ಅನ್ನುವ ಆ ಹೊತ್ತಿನಲ್ಲೇ ಕಿತ್ತಳೆಯವನು ಮೇಲೆ ನೋಡುವುದನ್ನು ಮರೆಯುತ್ತಾನೆ. ಟಿಪ್ಪರಿನ ಬಾಡಿ ಎತ್ತಿದಾಗ 11 ಕೆವಿ ಕರೆಂಟಿನ ತಂತಿ ಅಡ್ಡ ಇದೆಯೇ, ನಿಂತ ನೆಲ ಒಂದು ಪಕ್ಕಕ್ಕೆ ವಾಲಿದೆಯೇ ಎಂದು ನೋಡಬೇಕಾದವನು ಅವನೇ. ಓರೆ ನೆಲದಲ್ಲಿ ಎತ್ತಿದ ಬಾಡಿ ಗಾಡಿಯನ್ನೇ ಮಗುಚಿಹಾಕುತ್ತದೆ. ತಣ್ಣಗಾದ ಒಂದು ಲೋಡ್ ಮಾಲನ್ನು ವಾಪಸ್ ಕಳಿಸಿ ನಾನು ಬೈಸಿಕೊಂಡಿದ್ದೇನೆ, ಇನ್ನೊಮ್ಮೆ ಬೇಕಾದರೂ ಬೈಸಿಕೊಳ್ಳುತ್ತೇನೆ.

ಸಂಜೆ ಕೆಲಸ ಬಿಡುವಾಗ ಬಕೆಟ್ ನೆಲಕ್ಕೆ, ಕೀ ಜೇಬಿಗೆ, ಚಕ್ರಕ್ಕೆ ಅಡ್ಡಗಲ್ಲು. ಬೆಳಿಗ್ಗೆ ಆ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟು ಹೋಗುವ ಚಾಳಿ ನಮ್ಮವರಿಗಿದೆ. ರಾತ್ರಿ ಬೈಕಿನವನಿಗೆ ಅದು ಕಾಣುವುದಿಲ್ಲ.

ಆ ಸುಂಟಿಕೊಪ್ಪದ ಹುಡುಗ ಕೆಲಸ ಬಿಡಲಿಲ್ಲ. ಈಗ ಕಿತ್ತಳೆ ಜಾಕೆಟ್ ಅವನದೇ. ಹೋದ ಬೇಸಿಗೆಯಲ್ಲಿ ಒಂದು ಸಂಜೆ ನಮ್ಮ ಪಿಕಪ್ ಹಿಂದಕ್ಕೆ ಬರುತ್ತಿತ್ತು, ನಾನು ಯಾವುದೋ ಫೋನಿನ ಯೋಚನೆಯಲ್ಲಿ ‘ರೈಟ್, ಬರ್ಲಿ’ ಅಂದುಬಿಟ್ಟೆ. ಸೀಟಿ ಊದಿದ. ಪಿಕಪ್ಪು, ರೋಲರು, ಜೆಸಿಬಿ ಎಲ್ಲವೂ ನಿಂತವು. ಎಲ್ಲರೂ ನನ್ನ ಕಡೆ ತಿರುಗಿದರು. ರೈಟ್ ಅಂದವನು ಇಡೀ ಗ್ಯಾಂಗಿಗೆ ಟೀ ಕೊಡಿಸಬೇಕು ಎಂದು ದಂಡ ಹಾಕಿದ್ದು ನಾನೇ. ಹದಿನಾಲ್ಕು ಟೀ, ಆಮೇಲೆ ಹುಡುಗ ಕೇಳಿದನೆಂದು ಬನ್ನು ಬೇರೆ.